ಮೊದಲು ಮುಟ್ಟಿದ್ದು ಯಾವ ಊರಿಗೆ

"ನಿಮ್ಮ ತಂಗೀಗೆ ಈಗ ಆರಾಮ ಅದ ಏನ್ರಿ?"

ನಳದ ಕೆಳಗೆ ಕೊಡ ಇಡುತ್ತಾ ಮಾಳಿಗೆ ಮೇಲಿನ ಬಾಡಿಗೆಯಾಕೆ ಹೀಗೆ ಕೇಳಿದಳು. ಅವತ್ತು ಶಿವರಾತ್ರಿ. ನಾನು ಉಪವಾಸ ಇದ್ದೆ, ಬಾಯಲ್ಲಿ ಶಿವನ ಹೆಸರು ಬಿಟ್ಟರೆ ಬೇರೆ ಮಾತು ಬೇಡ ಅಂತ ಬೆಳಿಗ್ಗೆಯಿಂದ ಸುಮ್ಮನಿದ್ದೆ.

"ಆಕೀಗೇನಾಗೇದ? ಗಟ್ಟಿಮುಟ್ಟಾಗಿ ಅದಾಳ," ಅಂದೆ.

"ಹಂಗಾರ ಛಲೋ ಆತು ಬಿಡ್ರಿ. ಮಂದಿ ಏನೇನೋ ಅಂತಾರ," ಅಂದವಳೇ ಕೊಡ ಅರ್ಧ ತುಂಬಿದ್ದರೂ ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

ಶಿವನ ಹೆಸರು ಅಲ್ಲಿಗೇ ನಿಂತಿತು.

ಎಂಬತ್ತರ ದಶಕ ಮುಗಿಯಲು ಬಂದಿದ್ದ ಕಾಲವದು. ರಾಯಚೂರಿನ ಗಂಜ್ ಮಾರುಕಟ್ಟೆ ಹಿಂದೆ ನಮ್ಮ ಬಾಡಿಗೆ ಮನೆ. ಯಜಮಾನರು ಅಲ್ಲಿ ಹತ್ತಿ ದಲ್ಲಾಳಿಯ ಅಡತಿ ಅಂಗಡಿಯಲ್ಲಿ ಗುಮಾಸ್ತರು. ಮನೆಯಲ್ಲಿ ಅತ್ತೆ, ನಮ್ಮ ಎರಡು ಮಕ್ಕಳು, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಮೈದುನ. ನನ್ನ ತವರು ಮಾನ್ವಿ. ಅಲ್ಲಿ ಅವ್ವ ಮತ್ತು ತಂಗಿ ಇಬ್ಬರೇ. ಅಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು. ತಂಗಿಯನ್ನು ದೇವದುರ್ಗದ ಒಬ್ಬ ಸಾಲಿ ಮಾಸ್ತರನಿಗೆ ಗೊತ್ತು ಮಾಡಿದ್ದೆವು. ಸಂಕ್ರಾಂತಿ ಮುಗಿದ ಮೇಲೆ ಮಾನ್ವಿಯ ಮನೆಯಲ್ಲೇ ಎಲೆ ಅಡಿಕೆ ಹಿಡಿದಿದ್ದಾಯಿತು. ನಮ್ಮ ಕಡೆ ಗಂಡನನ್ನು ಕಳಕೊಂಡವರು ಇಂಥ ಶುಭದ ಮುಂದೆ ಬರುತ್ತಿರಲಿಲ್ಲ. ಅವ್ವ ಇಡೀ ದಿನ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ, ಹೋಳಿಗೆ ಬೇಯಿಸುತ್ತಲೇ ಕೂತಳು. ಅವರ ಕಡೆಯೂ ಹುಡುಗನ ಅಜ್ಜಿ ಅದೇ ಕಾರಣಕ್ಕೆ ದೇವದುರ್ಗದಲ್ಲೇ ಉಳಿದಿದ್ದಳು. ಸೋದರಮಾವ, ಯಜಮಾನರು, ನಾನು ಸೇರಿ ಶಾಸ್ತ್ರ ಮುಗಿಸಿದೆವು. ಮದುವೆ ವೈಶಾಖದಲ್ಲಿ ಅಂತಾಯಿತು.

ಮರುದಿನ ಪಾರಣೆ ಮುಗಿಸಿ, ಪ್ರಸಾದದ ನೆಪ ಮಾಡಿಕೊಂಡು ಮಾಳಿಗೆ ಹತ್ತಿದೆ. ಬಾಡಿಗೆಯಾಕೆ ಮೊದಲು ಏನೂ ಇಲ್ಲ ಅಂದಳು. ಪ್ರಸಾದ ಕಣ್ಣಿಗೊತ್ತಿಕೊಂಡ ಮೇಲೆ ಸುಳ್ಳು ಹೇಳಲಾಗಲಿಲ್ಲವೋ ಏನೋ, "ಹುಡುಗಿಗೆ ಫಿಟ್ಸ್ ಬರ್ತಾವಂತ. ನಮ್ಮನಿಯವ್ರಿಗೆ ಬಸ್‌ಸ್ಟ್ಯಾಂಡಿನ್ಯಾಗ ಯಾರೋ ದೇವದುರ್ಗದವ್ರು ಹೇಳಿದ್ರಂತ. ನಾ ಎಲ್ಲಿ ನಂಬ್ತೀನ್ರಿ," ಅಂದಳು. ಆಕೆ ನಂಬಿದ್ದಳು. ಮುಖ ನೋಡಿದರೆ ತಿಳಿಯುತ್ತಿತ್ತು.

ಅದೇ ವಾರ ದೇವದುರ್ಗದಿಂದ ಬೀಗರ ಸುದ್ದಿ ಬಂತು. ಮದುವೆ ವೈಶಾಖದಲ್ಲಿ ಬೇಡ, ಮುಂದೆ ನೋಡೋಣ, ಹುಡುಗನಿಗೆ ವರ್ಗ ಆಗೋದು ಅದ ಅಂತ. ವರ್ಗ ಆಗುವವನಿಗೆ ಮದುವೆ ಏನು ಅಡ್ಡ? ಮುರಿದೆವು ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೀಗೆ ಮುಂದಕ್ಕೆ ಹಾಕಿ ಹಾಕಿ ಒಣಗಿಸುತ್ತಾರೆ. ಒಮ್ಮೆ ಫಿಟ್ಸ್ ಅನ್ನುವ ಮಾತು ಹತ್ತಿಕೊಂಡ ಹುಡುಗಿಯನ್ನು ಆಮೇಲೆ ಯಾವ ಊರಿನವರೂ ನೋಡಲು ಬರುವುದಿಲ್ಲ. ತಂಗಿಯ ಬಾಳು ಒಂದು ಮಾತಿನಲ್ಲಿ ಮುಗಿಯುವುದಿತ್ತು. ಈ ಮಾತು ಎಲ್ಲಿ ಹುಟ್ಟಿತು ಅಂತ ಹಿಡಿಯದೆ ಅದನ್ನು ಅಳಿಸುವುದು ಹೇಗೆ?

ನನಗೆ ಎಲ್ಲರ ಮೇಲೂ ಸಂಶಯ ಬಂತು. ಮಾಳಿಗೆ ಮೇಲಿನವಳ ಮೇಲೆ, ಸೋದರಮಾವನ ಹೆಂಡತಿ ಮೇಲೆ, ಹಾಲು ಹಾಕುವವಳ ಮೇಲೆ. ದೇವರ ಮುಂದೆ ದೀಪ ಹಚ್ಚುವಾಗಲೂ ಒಬ್ಬೊಬ್ಬರ ಮುಖ ಕಣ್ಣಿಗೆ ಕಟ್ಟುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಸಂಶಯ ನನ್ನ ನಾದಿನಿ ಮೇಲೆ. ಯಜಮಾನರ ತಂಗಿ, ಮೈದುನನ ಅಕ್ಕ. ಆಕೆಯನ್ನು ಕೊಟ್ಟಿದ್ದು ದೇವದುರ್ಗಕ್ಕೇ. ಆ ಮಾಸ್ತರನನ್ನು ತನ್ನ ಗಂಡನ ತಂಗಿಗೆ ತರಬೇಕು ಅಂತ ಆಕೆ ಹಿಂದೆ ಒಮ್ಮೆ ಬಾಯಿ ಹಾಕಿದ್ದಳು.

ಆ ದಿನಗಳಲ್ಲೇ ಮೈದುನ ಕಾಲೇಜಿನ ವಿಜ್ಞಾನ ಸಂಘದಲ್ಲಿ ಒಂದು ಭಾಷಣ ಮಾಡುವುದಿತ್ತು. ಅವನಿಗೆ ಕನ್ನಡದಲ್ಲಿ ವಿಜ್ಞಾನ ಹೇಳುವ ಹುಚ್ಚು. ಬೆಳಿಗ್ಗೆ ನಾನು ರೊಟ್ಟಿ ಬಡಿಯುವಾಗ ಅಡುಗೆಮನೆ ಹೊಸ್ತಿಲ ಮೇಲೆ ಕೂತು ನನಗೆ ಹೇಳಿ ಹೇಳಿ ಅಭ್ಯಾಸ ಮಾಡುತ್ತಿದ್ದ. "ವೈನಿ, ನಿಮಗ ತಿಳೀತಂದ್ರ ನಮ್ಮ ಹುಡುಗ್ರಿಗೆ ತಿಳೀತದ," ಅನ್ನುತ್ತಿದ್ದ. ಇದು ಹೊಗಳಿಕೆಯೋ ಬೈಗುಳವೋ ಅಂತ ನಾನು ಕೇಳಲು ಹೋಗಲಿಲ್ಲ.

ಅವನು ಹೇಳಿದ್ದು ಇಷ್ಟು. ಅಮೆರಿಕದವರು ಆಕಾಶಕ್ಕೆ ಕೆಲವು ಉಪಗ್ರಹ ಬಿಟ್ಟಿದ್ದರಂತೆ. ಯಾಕೆ ಅಂದರೆ, ಮೇಲೆ ಬಾಂಬು ಸಿಡಿಸುವುದಿಲ್ಲ ಅಂತ ಎಲ್ಲರೂ ಮಾತು ಕೊಟ್ಟಿದ್ದರು, ರಷ್ಯಾದವರು ಕದ್ದು ಸಿಡಿಸುತ್ತಾರೋ ಏನೋ ಅಂತ ಕಾಯಲು. ಬಾಂಬು ಸಿಡಿದರೆ ಗಾಮಾ ಕಿರಣ ಅನ್ನುವುದು ಹೊರಡುತ್ತದೆ. ಅದು ಕಣ್ಣಿಗೆ ಕಾಣದ ಬೆಳಕು. ಕಾಯುತ್ತಾ ಕೂತರೆ ನಿಜವಾಗಿಯೂ ಗಾಮಾ ಕಿರಣ ಭಗ್ಗನೆ ಮಿಂಚಿ ಹೋಯಿತು. ಮತ್ತೆ ಯಾವಾಗಲೋ ಒಮ್ಮೆ, ಮತ್ತೊಮ್ಮೆ.

"ರಷ್ಯಾದವ್ರೇ," ಅಂದೆ ನಾನು. ಸಂಶಯದಲ್ಲಿ ನನಗೂ ಅಮೆರಿಕದವರಿಗೂ ಆಗ ಏನೂ ಫರಕು ಇರಲಿಲ್ಲ.

"ಅವಸರ ಮಾಡಬ್ಯಾಡ್ರಿ," ಅಂತ ಅವನು ಮೂರು ವಾಟಿ ಬಟ್ಟಲು ತಂದು ನೆಲದ ಮೇಲೆ ದೂರ ದೂರ ಇಟ್ಟ. "ಇವು ಮೂರು ಉಪಗ್ರಹ. ಒಂದಽ ಇದ್ರ ಮಿಂಚಿತು ಅನ್ನೋದಷ್ಟ ತಿಳೀತದ, ಎಲ್ಲಿಂದ ಅನ್ನೋದು ತಿಳ್ಯಂಗಿಲ್ಲ. ಮೂರು ಇದ್ವು ಅನ್ರಿ. ಈ ವಾಟಿ ಮೊದಲ ನೋಡ್ತು, ಇದು ಸ್ವಲ್ಪ ತಡದು, ಇದು ಕಡೀಗೆ. ಹಂಗಾರ ಬೆಳಕು ಯಾವ ಕಡಿಂದ ಬಂತು?"

"ಮೊದಲ ನೋಡಿದ ವಾಟಿ ಕಡಿಂದ."

"ಅಷ್ಟ ನೋಡ್ರಿ. ಹಂಗ ಲೆಕ್ಕ ಹಾಕಿದ್ರ ಅದು ರಷ್ಯಾದ ಕಡಿಂದ ಅಲ್ಲ, ಭೂಮಿ ಕಡಿಂದನಽ ಅಲ್ಲ, ಸೂರ್ಯನ ಕಡಿಂದನೂ ಅಲ್ಲ ಅಂತ ಆತು. ಎಲ್ಲೋ ದೂರ ನಕ್ಷತ್ರಗಳ ಕಡಿಂದ."

"ನಮ್ಮ ಮ್ಯಾಲೆ ಬಿದ್ರ?"

"ಬೀಳಂಗಿಲ್ಲ. ನಮ್ಮ ತಲಿ ಮ್ಯಾಲಿನ ಗಾಳಿ ತಡೀತದ."

ದೇವರು ಕೇಳದೆಯೇ ಇಷ್ಟೊಂದು ಗಾಳಿ ಹೊದಿಸಿದ್ದಾನಲ್ಲ ಅಂತ ಮನಸ್ಸಿನಲ್ಲೇ ಕೈ ಮುಗಿದೆ. ಮಿಂಚುವುದು ಏನು ಅಂತ ಕೇಳಿದ್ದಕ್ಕೆ, ಇನ್ನೂ ಯಾರಿಗೂ ಖಾತ್ರಿ ಇಲ್ಲ ಅಂದ. ಕೆಲವು ಪಂಡಿತರು ಈಗೀಗ ಒಂದು ಮಾತು ಹೇಳುತ್ತಿದ್ದಾರಂತೆ. ಉರಿದು ಮುಗಿದ ನಕ್ಷತ್ರ ಕುಗ್ಗಿ ಕುಗ್ಗಿ ರಾಯಚೂರಿನಷ್ಟು ಅಗಲ ಆಗುತ್ತದೆ, ತೂಕ ಮಾತ್ರ ಸೂರ್ಯನಷ್ಟೇ. ಅದಕ್ಕೆ ನ್ಯೂಟ್ರಾನ್ ನಕ್ಷತ್ರ ಅಂತ ಹೆಸರು. ಅಂಥವು ಎರಡು ಒಂದನ್ನೊಂದು ಸುತ್ತುತ್ತಾ ಸುತ್ತುತ್ತಾ ಹತ್ತಿರ ಬಂದು ಕಡೆಗೆ ಕೂಡಿಬಿಟ್ಟರೆ ಹೀಗೆ ಮಿಂಚಬಹುದು ಅಂತ.

"ಆರಿದ್ದು ಮತ್ತ ಹೆಂಗ ಉರೀತದ?"

"ಒಂದೊಂದಽ ಇದ್ರ ಉರ್ಯಂಗಿಲ್ಲ. ಎರಡು ಕೂಡಿದ್ರ."

ಅದು ನನಗೆ ಅಷ್ಟಾಗಿ ಒಪ್ಪಿಗೆಯಾಗಲಿಲ್ಲ. ಆದರೆ ವಾಟಿ ಲೆಕ್ಕ ತಲೆಯಲ್ಲಿ ಕೂತಿತು. ನನಗೂ ಮೂರು ವಾಟಿ ಇದ್ದವಲ್ಲ, ರಾಯಚೂರು, ಮಾನ್ವಿ, ದೇವದುರ್ಗ.

ರಾಯಚೂರಿಗೆ ಮಾತು ಮುಟ್ಟಿದ್ದು ಶಿವರಾತ್ರಿಗೆ. ಹೋಳಿ ಹುಣ್ಣಿವಿ ಮುಗಿದು ಮಾನ್ವಿಯಿಂದ ಸೋದರಮಾವ ಬಂದಾಗ ಕೇಳಿದೆ. ಅವ್ವನ ಕಿವಿಗೆ ಅದು ಬಿದ್ದದ್ದು ಮೊನ್ನೆ ಹೋಳಿ ಹಬ್ಬದ ದಿನ ಅಂದರು. ಅಂದರೆ ಮಾನ್ವಿಗೆ ನಮಗಿಂತ ತಡ. ಉಳಿದದ್ದು ದೇವದುರ್ಗ. ಮಗನ ಜವಳ ತೆಗೆಸಿದ ಪ್ರಸಾದ ಕೊಟ್ಟು ಬರುತ್ತೇನೆ ಅಂತ ಹೇಳಿ ಬಸ್ಸು ಹತ್ತಿದೆ.

ನಾದಿನಿ ನನ್ನನ್ನು ನೋಡಿದ ಕೂಡಲೇ ಹಿತ್ತಲಿಗೆ ಕರಕೊಂಡು ಹೋದಳು. "ನಿಮಗ ಗೊತ್ತಾತೇನು ವೈನಿ?"

"ನಿನಗ ಯಾವಾಗ ಗೊತ್ತಾತು ಅದನ್ನ ಹೇಳು."

"ಭರತ ಹುಣ್ಣಿವಿ ಮರುದಿನ. ಇಡೀ ಓಣಿ ಮಾತಾಡ್ತು."

"ಇಷ್ಟು ದಿನ ನನಗ ಒಂದು ಮಾತು ಹೇಳ್ಲಿಲ್ಲ."

"ಹೆಂಗ ಹೇಳ್ಲಿ? ಹೇಳಿದ್ರ ನಾನಽ ಹಬ್ಬಿಸೀನಿ ಅಂತಿದ್ರಿ. ಈಗ ಹೇಳ್ಲಿಲ್ಲ, ಈಗೂ ಹಂಗಽ ನೋಡಾಕತ್ತೀರಿ."

ನಾನು ಹಂಗೇ ನೋಡುತ್ತಿದ್ದೆ. ಭರತ ಹುಣ್ಣಿವಿ ಶಿವರಾತ್ರಿಗಿಂತ ಮೊದಲು. ಮೂರು ಊರಿನಲ್ಲಿ ಮೊದಲು ಮುಟ್ಟಿದ್ದು ದೇವದುರ್ಗಕ್ಕೆ. ಲೆಕ್ಕ ಸರಿಹೋಯಿತು. ಆಕೆ ಮಾಡಿಕೊಟ್ಟ ಚಹಾ ಅರ್ಧ ಬಿಟ್ಟು ಎದ್ದು ಬಂದೆ.

ರಾಯಚೂರಿಗೆ ಬಂದವಳೇ ಮೈದುನನ ಮುಂದೆ ಹೇಳಿದೆ, ನಿಮ್ಮ ಅಣ್ಣ ಗಂಜಿನಿಂದ ಬರಲಿ, ಈ ಮನೆಗೂ ನಿಮ್ಮ ಅಕ್ಕನ ಮನೆಗೂ ಇವತ್ತಿಗೆ ಋಣ ಹರಿಯಿತು ಅಂತ. ಅವನದೇ ವಾಟಿ ಲೆಕ್ಕ ಅವನಿಗೇ ಒಪ್ಪಿಸಿದೆ. ಅವನು ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ಪರೀಕ್ಷೆ ಪತ್ರಿಕೆ ತಿದ್ದುವಾಗಿನ ಮುಖ ಮಾಡಿಕೊಂಡು ಕೇಳಿದ.

"ಮಾನ್ವಿಗೆ ಯಾವಾಗ ಮುಟ್ಟಿತು ಅಂದ್ರಿ?"

"ಹೋಳಿ ಹುಣ್ಣಿವಿಗೆ. ಅವ್ವ ಕೇಳಿದ್ದು ಆವಾಗ."

"ಅವ್ವ ಕೇಳಿದ್ದು ಆವಾಗ. ಊರು ಕೇಳಿದ್ದು ಯಾವಾಗ?"

ಊರಿನವರನ್ನು ನಾನು ಕೇಳಿರಲಿಲ್ಲ.

"ವೈನಿ, ಒಂದು ಉಪಗ್ರಹ ಭೂಮಿ ಮರೀಗೆ ಇತ್ತಂದ್ರ ಅದಕ್ಕ ಮಿಂಚು ಕಾಣಂಗಿಲ್ಲ. ಕಾಣ್ಲಿಲ್ಲ ಅಂದ್ರ ಮಿಂಚೇ ಇಲ್ಲ ಅಂತ ಬರಕೊಂಡ್ರ ಲೆಕ್ಕ ಕೆಟ್ಟು ಹೋಗ್ತದ. ಹುಡುಗಿ ಮನ್ಯಾಗ ಯಾರು ಬಂದು ಹೇಳ್ತಾರ? ಆ ಮನಿ ಅಷ್ಟೂ ಮರೀಗೆ ಇರ್ತದ."

"ನಿಮ್ಮ ಅಕ್ಕನ ಪರ ಮಾತಾಡಾಕತ್ತೀರಿ."

"ಅಕ್ಕನ ಪರ ಮಾತಾಡಾಕ ನಾನೇನು ವಕೀಲ ಅಲ್ಲ. ಆಕಿ ನನಗ ಸಣ್ಣಾಂವಿದ್ದಾಗ ಬಡದದ್ದು ಇನ್ನೂ ನೆನಪದ. ಮಾನ್ವಿಗೆ ಹೋಗಿ ಬ್ಯಾರೆಯವ್ರನ್ನ ಕೇಳಿ ಬರ್ರಿ, ಆಮ್ಯಾಲೆ ಋಣ ಹರ್ಕೊಳ್ಳಿರಂತ."

ಅವನ ಮೇಲೂ ಸಂಶಯ ಇಟ್ಟುಕೊಂಡೇ ಮಾನ್ವಿಗೆ ಹೋದೆ. ತವರಿಗೆ ಹೋಗದೆ ನೇರ ಬಳೆ ಅಂಗಡಿ ಬೀಬಿಯ ಹತ್ತಿರ ಹೋದೆ. ನನ್ನ ಮದುವೆಗೂ ಆಕೆಯೇ ಬಳೆ ಇಡಿಸಿದ್ದಳು. ಮನೆಯಲ್ಲಿ ದಖನಿ ಮಾತು, ಗಿರಾಕಿಗಳ ಜೊತೆ ಕನ್ನಡ, ಮನಸ್ಸಿಗೆ ನೋವಾದಾಗ ಎರಡೂ ಕೂಡಿ ಬರುತ್ತಿತ್ತು. ಕೈ ಮುಂದೆ ಚಾಚಿ, ಹಸಿರು ಬಳೆ ಇಡು ಅಂದೆ. ಕೈ ಆಕೆಯ ಕೈಯಲ್ಲಿರುವಾಗ ಕೇಳಿದೆ.

ಬೀಬಿ ಬಳೆ ಏರಿಸುವುದು ನಿಲ್ಲಿಸಿದಳು. "ಕೈಸೆ ಬೋಲ್ನಾ ಬೇಟಿ, ಹೆಂಗ ಹೇಳ್ಲಿ ನಾನು? ಭರತ ಹುಣ್ಣಿವಿ ದಿನಾನೇ ಬಂತು ಮಾತು. ನೀರಮಾನ್ವಿಗೆ ಹೋಗಿದ್ದ ಹೆಣ್ಮಕ್ಳು ಸಂಜಿಗೆ ವಾಪಸ್ ಬರ್ತಾ ಬರ್ತಾನೇ ಹೇಳ್ಕೊಂತ ಬಂದ್ರು. ಎಲ್ಲಾರಿಗೂ ಗೊತ್ತು, ನಿಮ್ಮ ಮನಿಗೆ ಬಿಟ್ಟು."

"ದೇವದುರ್ಗಕ್ಕಿಂತ ಮೊದಲೇ?"

"ದೇವದುರ್ಗದ್ದು ನನಗೇನು ಗೊತ್ತು. ಯಲ್ಲಮ್ಮನ ಗುಡೀಲಿಂದ ಬಂತು, ಅಷ್ಟೇ."

ನನ್ನ ಮೂರೂ ವಾಟಿ ಉರುಳಿ ಹೋದವು. ನೀರಮಾನ್ವಿ ಅಂದರೆ ಮಾನ್ವಿ ಪಕ್ಕದ ಹಳ್ಳಿ. ಅಲ್ಲಿ ಹುಣ್ಣಿವಿಗೆ ಯಲ್ಲಮ್ಮನಿಗೆ ನಡಕೊಳ್ಳುವವರು ಸುತ್ತಲಿನ ಎಲ್ಲ ಊರಿಂದಲೂ ಬರುತ್ತಾರೆ. ಅಲ್ಲಿಂದ ಮಾನ್ವಿಗೆ ಸಂಜೆಗೆ, ದೇವದುರ್ಗಕ್ಕೆ ಮರುದಿನ, ರಾಯಚೂರಿಗೆ ಶಿವರಾತ್ರಿಗೆ. ನಾದಿನಿ ಮೇಲೆ ಹೊರಿಸಿದ್ದೆಲ್ಲ ನೀರಿಗೆ ಹೋಯಿತು. ಆಕೆಯ ಮುಂದೆ ಬಾಯಿಬಿಟ್ಟು ಅಂದಿರಲಿಲ್ಲ, ಅದೊಂದು ದೇವರ ದಯೆ.

"ನಮ್ಮ ಓಣಿಯಿಂದ ಯಾರು ಹೋಗಿದ್ರು ಬೀಬಿ?"

ಆಕೆ ಕೊನೆಯ ಬಳೆ ಏರಿಸಿ, ಕೈ ತಟ್ಟಿ, ಆಮೇಲೆ ಹೇಳಿದಳು. "ನಿಮ್ಮ ಅವ್ವ."

ಅವ್ವ ಪಡಸಾಲೆಯಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ತಂಗಿ ನೀರಿಗೆ ಹೋಗಿದ್ದಳು, ಅದೇ ಛಲೋ ಆಯಿತು. ಭರತ ಹುಣ್ಣಿವಿ ದಿನ ಗುಡಿಯಲ್ಲಿ ಯಾರ ಜೊತೆ ಮಾತಾಡಿದೆ ಅಂತ ಕೇಳಿದೆ.

"ಯಾರ ಜೋಡಿ ಮಾತಾಡ್ತೀನಿ. ನಮ್ಮೂರ ಹೆಣ್ಮಕ್ಳ ನಡುವ ಗುಡಿ ಸುತ್ತ ಸುತ್ತು ಹಾಕಿದೆ. ಯಾವಾಕೀನೋ ಒಬ್ಬಾಕಿ ಮುದುಕಿ, ನನ್ನಂಥಾಕೀನೇ, ಬೋಳು ಹಣಿ. ಆಕೀನೂ ಸುತ್ತು ಹಾಕ್ತಿದ್ಲು. ಮೊದಲ ಆಕಿ ಮುಂದ, ನಾ ಹಿಂದ. ಆಮ್ಯಾಲೆ ಜೋಡಿ ಆದ್ವಿ."

"ಏನಂದಿ ಆಕೀಗೆ?"

"ತಾಯಿ ದೊಡ್ಡಾಕಿ ಅಂದೆ. ಮತ್ತೇನಂತೀನಿ. ನನ್ನ ಮಗಳು ಸಣ್ಣಾಕಿದ್ದಾಗ ಜ್ವರದಾಗ ಕಣ್ಣು ಮ್ಯಾಲೆ ಮಾಡಿ ಸೆಟದು ಬಿದ್ದಿದ್ಲು, ಬಾಯಾಗ ಬುರುಗು ಬಂದಿತ್ತು, ಎರಡು ಮೂರು ಸಲ ಹಂಗಾತು. ತಾಯಿಗೆ ಹರಕಿ ಹೊತ್ತೆ, ಉಳಿಸಿದ್ಲು, ಅದಕ್ಕ ಪ್ರತಿ ಭರತ ಹುಣ್ಣಿವಿಗೆ ಬರ್ತೀನಿ ಅಂದೆ. ನಿನಗ ಎಷ್ಟು ಮಂದಿ ಮಕ್ಕಳು ಅಂದ್ಲು. ಎರಡು ಹೆಣ್ಣು, ಮನ್ಯಾಗಿದ್ದಾಕೀನ ದೇವದುರ್ಗದ ಮಾಸ್ತರಗ ಕೊಡಾಕತ್ತೀವಿ, ಅದೂ ತಾಯಿ ದಯಾ ಅಂದೆ. ಆಕಿ ಆಮ್ಯಾಲೆ ಮಾತಾಡ್ಲಿಲ್ಲ. ಸುತ್ತು ಬಿಟ್ಟು ಹೋಗಿಬಿಟ್ಲು. ಕಾಲು ನೋಯ್ತಾವೇನೋ ಅನ್ಕೊಂಡೆ."

ನಮ್ಮ ತಂಗಿ ಹುಟ್ಟಿದ ಮೇಲೆ ಒಂದು ದಿನವೂ ಸೆಟೆದು ಬಿದ್ದವಳಲ್ಲ. "ಅವ್ವಾ, ಯಾವ ಮಗಳು?" ಅಂದೆ. ಗೊತ್ತಾಗಿತ್ತು, ಆದರೂ ಕೇಳಿದೆ.

ಅವ್ವ ಮೊರ ಕೆಳಗಿಟ್ಟಳು. "ನಿನಗ ಹೇಳೇ ಇರ್ಲಿಲ್ಲ. ಹೇಳಿದ್ರ ಹೆದರ್ತಿ ಅಂತ ನಿಮ್ಮಪ್ಪ ಬ್ಯಾಡ ಅಂದಿದ್ರು. ನಿನ್ನ ಮದುವ್ಯಾಗ ನಿಮ್ಮ ಅತ್ತಿಯವ್ರಿಗೂ ಹೇಳ್ಲಿಲ್ಲ."

ಎಂಥ ಬೆಳಕು ಅದು. ಊರೂರು ತಿರುಗಿ ಹಬ್ಬಿಸಿದವರನ್ನು ಹುಡುಕಿದೆ. ಹಬ್ಬಿಸಿದ್ದು ಅವ್ವನ ಭಕ್ತಿ, ಹಬ್ಬಿದ್ದು ನನ್ನ ಸುದ್ದಿ. ಆ ಇನ್ನೊಬ್ಬ ಮುದುಕಿ ಯಾರು ಅನ್ನುವುದೂ ಮನಸ್ಸಿಗೆ ಹೊಳೆಯಿತು, ಮಾಸ್ತರನ ಅಜ್ಜಿ. ಎಲೆ ಅಡಿಕೆ ದಿನ ಒಬ್ಬರು ಅಡುಗೆಮನೆಯಲ್ಲಿ, ಒಬ್ಬರು ದೇವದುರ್ಗದಲ್ಲಿ. ಇಬ್ಬರಿಗೂ ಒಬ್ಬರ ಮುಖ ಒಬ್ಬರು ನೋಡುವ ಅವಕಾಶ ನಾವೇ ಕೊಟ್ಟಿರಲಿಲ್ಲ. ಒಬ್ಬೊಬ್ಬರೇ ಇದ್ದಾಗ ಯಾರಿಗೂ ಏನೂ ಕೆಡುಕಿಲ್ಲದ ಇಬ್ಬರು ಮುದುಕಿಯರು, ಸುತ್ತುತ್ತಾ ಸುತ್ತುತ್ತಾ ಹತ್ತಿರ ಬಂದಿದ್ದರು. ಮೈದುನನ ಆರಿದ ನಕ್ಷತ್ರದ ಮಾತು ಅವತ್ತು ನನಗೆ ಒಪ್ಪಿಗೆಯಾಯಿತು.

ಈಗ ಏನು ಮಾಡಬೇಕು ಅನ್ನುವುದು ಸ್ಪಷ್ಟವಿತ್ತು, ಅದೇ ಕಷ್ಟ. ಆ ಕೂಸು ನಾನು ಅಂತ ದೇವದುರ್ಗದಲ್ಲಿ ಹೇಳಿದರೆ ತಂಗಿ ಉಳಿಯುತ್ತಾಳೆ. ಆದರೆ ಅಲ್ಲಿ ನಾದಿನಿ ಇದ್ದಾಳೆ, ಮಾತು ಮರುದಿನವೇ ಅತ್ತೆಗೆ ಮುಟ್ಟುತ್ತದೆ. ಮುಚ್ಚಿಟ್ಟು ಕೊಟ್ಟರು ಅಂತ ಅತ್ತೆ ನನ್ನನ್ನು ಮಾನ್ವಿಗೆ ಕಳಿಸಿದರೆ ಯಜಮಾನರು ಎದುರಾಡುವ ಮನುಷ್ಯ ಅಲ್ಲ. ಅದಕ್ಕೇ ಅತ್ತೆಗೆ ಮೊದಲು ನಾನೇ ಹೇಳಬೇಕು ಅಂತ ಗಟ್ಟಿ ಮಾಡಿಕೊಂಡೆ. ಸೋಮವಾರ ನಸುಕಿನಲ್ಲಿ ದೇವರ ಮುಂದೆ ಕೂತಿದ್ದ ಅತ್ತೆ ಏಳುವುದನ್ನೇ ಕಾದು, ಎಲ್ಲ ಹೇಳಿದೆ.

ಅತ್ತೆ ನನ್ನ ಕಡೆ ತಿರುಗಿ ಕೇಳಿದರು.

"ಆ ನುಚ್ಚಿನ ಗಡಿಗಿ ಒಡದು ಬಿದ್ದಿದ್ದಿಯಲ್ಲ, ಆವಾಗ ಬಂದಿತ್ತೇನು?"

"ಇಲ್ರಿ ಅತ್ತಿ. ಆವಾಗ ಬೆಕ್ಕು ಅಡ್ಡ ಬಂದಿತ್ತು."

"ಬೆಕ್ಕು ಅಂತ ಆವಾಗೂ ಅಂದಿದ್ದಿ."

"ಬೆಕ್ಕೇ ಇತ್ರಿ."

ಅತ್ತೆ ಎದ್ದು ಹೋಗಿ ಪೆಟ್ಟಿಗೆಯಿಂದ ಒಂದು ಹಳೆಯ ಕಬ್ಬಿಣದ ಕೀಲಿಕೈ ತಂದು ಅಡುಗೆಮನೆ ಬಾಗಿಲ ಮೊಳೆಗೆ ನೇತುಹಾಕಿದರು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಹಿಡಿಸುವುದು ನಮ್ಮ ಕಡೆಯ ರೂಢಿ. ನನಗೆ ಕಣ್ಣು ತುಂಬಿ ಬಂದವು, ಅವಮಾನಕ್ಕೋ ಏನೋ. ತವರಿಗೆ ಕಳಿಸುವವರು ಕೀಲಿಕೈ ಯಾಕೆ ಹುಡುಕುತ್ತಿದ್ದರು, ನನ್ನನ್ನು ಇಟ್ಟುಕೊಳ್ಳುವುದಕ್ಕೇ ಹುಡುಕಿದ್ದು ಅಂತ ತಿಳಿದದ್ದು ಆಮೇಲೆ. "ಹೋಗು, ದೇವದುರ್ಗಕ್ಕ ಹೋಗಿ ಹೇಳಿ ಬಾ. ನಿಮ್ಮವ್ವನೂ ಬರ್ಲಿ," ಅಂದರು.

ಬರಲೊಲ್ಲೆ ಅಂದ ಅವ್ವನನ್ನು ಹಟ ಮಾಡಿ ಕರಕೊಂಡು ಹೋದೆ. ಬೀಗರ ಮನೆಯಲ್ಲಿ ಹುಡುಗನ ತಾಯಿ ಚಾಪೆ ಹಾಸಿದಳು, ನೀರು ಕೊಟ್ಟಳು, ಚಹಾದ ಮಾತೆತ್ತಲಿಲ್ಲ. ನಾನು ಹೇಳಬೇಕಾದ್ದು ಹೇಳಿದೆ. ಸೆಟೆದು ಬಿದ್ದ ಕೂಸು ನನ್ನ ತಂಗಿ ಅಲ್ಲ, ನಾನು. ಆಮೇಲೆ ಎಂದೂ ಬಂದಿಲ್ಲ, ಎರಡು ಹಡೆದಿದ್ದೇನೆ, ಬೇಕಾದರೆ ನಮ್ಮ ನಾದಿನಿಯನ್ನೇ ಕರೆದು ಕೇಳಿರಿ.

ಆಕೆ ನಂಬಿದಂತೆ ಕಾಣಲಿಲ್ಲ. "ತಂಗಿ ಸಲುವಾಗಿ ಅಕ್ಕ ತನ್ನ ಮ್ಯಾಲೆ ಹಾಕ್ಕೊಂತಾಳ, ಇಲ್ಲೇನ್ರಿ?" ಅಂದಳು. ಆಕೆಯ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆ.

ಒಳಕೋಣೆಯಿಂದ ಅಜ್ಜಿ ಗೋಡೆ ಹಿಡಿದುಕೊಂಡು ಬಂದಳು. ಅವ್ವನನ್ನು ನೋಡಿ ನಿಂತಳು.

"ಆ ದಿನ ಸುತ್ತು ಹಾಕಿದಾಕಿ ನೀನಽ ಅಲ್ಲೇನಬೇ?"

"ನೀವು ಇಂಥಾ ಮನಿಯಾಕಿ ಅಂತ ಹೇಳಲೇ ಇಲ್ಲಲ್ರಿ," ಅಂದಳು ಅವ್ವ.

"ಹೇಳಿದ್ರ ನೀ ಅಷ್ಟು ಬಿಚ್ಚಿ ಹೇಳ್ತಿದ್ದೇನು?"

ಅಜ್ಜಿ ಕೂತು, ಮತ್ತೆ ಕೇಳಿದಳು. "ಯಲ್ಲಮ್ಮನ ಆಣಿ ಮಾಡಿ ಹೇಳು. ಯಾವ ಮಗಳು?"

ಅವ್ವ ನನ್ನ ತಲೆ ಮುಟ್ಟಿದಳು.

ಅಜ್ಜಿ ಸೊಸೆ ಕಡೆ ತಿರುಗಿ, "ಗುಡ್ಯಾಗ ಸುಳ್ಳು ಹೇಳಿದಾಕಿ ಅಲ್ಲ ಈಕಿ, ಇಲ್ಲೂ ಹೇಳಂಗಿಲ್ಲ. ತಪ್ಪು ತಿಳಕೊಂಡಾಕಿ ನಾನು. ಚಹಾ ಇಡು," ಅಂದಳು.

ಮದುವೆ ವೈಶಾಖದಲ್ಲೇ ಆಯಿತು. ಹುಡುಗನಿಗೆ ವರ್ಗವೇನೂ ಆಗಲಿಲ್ಲ. ಇಬ್ಬರೂ ಮುದುಕಿಯರು ಹಂದರದ ಹಿಂದೆ ಒಂದೇ ಚಾಪೆಯ ಮೇಲೆ ಕೂತಿದ್ದರು; ನಾನೇ ಕೂರಿಸಿದ್ದೆ, ಈ ಸಲ ಮುಖ ನೋಡಿಕೊಳ್ಳಲಿ ಅಂತ. ನಾದಿನಿಗೆ ಎಲ್ಲರಿಗಿಂತ ಒಳ್ಳೆಯ ಕುಪ್ಪಸ ಕೊಟ್ಟೆ. "ಯಾಕ ವೈನಿ, ಇಷ್ಟು ಛಲೋದು?" ಅಂತ ಆಕೆ ಸಂಶಯಪಟ್ಟಳು. ಏನಂತ ಹೇಳಲಿ.

ಕೀಲಿಕೈ ಮೊಳೆಯ ಮೇಲೇ ಉಳಿಯಿತು. ನನ್ನ ಕೈಯಿಂದ ಸೌಟು ಜಾರಿದರೂ ಅತ್ತೆಯ ಕಣ್ಣು ಮೊದಲು ನನ್ನ ಕಡೆ, ಆಮೇಲೆ ಕೀಲಿಕೈ ಕಡೆ ಹೋಗುತ್ತಿತ್ತು. ಬಾಯಿಬಿಟ್ಟು ಒಂದು ದಿನವೂ ಏನೂ ಅನ್ನಲಿಲ್ಲ. ಅಷ್ಟು ಸಾಕು ಅಂತ ದೇವರಿಗೆ ಕೈ ಮುಗಿಯುತ್ತಿದ್ದೆ. ಮೈದುನನ ಭಾಷಣ ಚೆನ್ನಾಗಿ ಆಯಿತಂತೆ. ಮಿಂಚುವುದು ನಿಜಕ್ಕೂ ಆ ನಕ್ಷತ್ರಗಳೇ ಏನು ಅಂತ ಆಮೇಲೂ ಎಷ್ಟೋ ಸಲ ಕೇಳಿದೆ. ಪಂಡಿತರು ಇನ್ನೂ ಜಗಳಾಡಾಕತ್ತಾರ ಅನ್ನುತ್ತಿದ್ದ.

ಮುಂದಿನ ಭರತ ಹುಣ್ಣಿವಿಗೆ ನಾನೂ ನೀರಮಾನ್ವಿಗೆ ಹೋದೆ, ನನ್ನ ಹರಕೆ ನಾನೇ ತೀರಿಸಬೇಕಲ್ಲ. ಅವ್ವ ಮತ್ತು ದೇವದುರ್ಗದ ಅಜ್ಜಿ ಜೋಡಿಯಾಗಿ ಸುತ್ತು ಹಾಕುತ್ತಿದ್ದರು. ಈಗ ಬೀಗತಿಯರಲ್ಲವೇ, ತಲೆಗೆ ತಲೆ ಹಚ್ಚಿ ಏನೋ ಹೇಳಿಕೊಳ್ಳುತ್ತಿದ್ದರು. ನಾನು ತಾಯಿಗೆ ಕೈ ಮುಗಿದು, ಹೆಜ್ಜೆ ಜೋರು ಮಾಡಿ, ಅವರ ಬೆನ್ನ ಹಿಂದೆ ಹೋಗಿ ಸೇರಿಕೊಂಡೆ. ಬಾಯಲ್ಲಿ ಯಲ್ಲಮ್ಮನ ಹೆಸರು ಇತ್ತು, ಕಿವಿ ಮಾತ್ರ ಅವರಿಬ್ಬರ ಕಡೆಗೇ ಇತ್ತು.